ನಿಷೇಧದ ಪೆಟ್ಟು ಬಿದ್ದದ್ದು ಯಾರ ಮೇಲೆ?



ನಾನು ಬೆಂಗಳೂರಿನ ಕೆಂಗೇರಿ ಉಪನಗರದವನು. ಇಲ್ಲಿ ಬಹಳ ವರ್ಷ ಮೆಡಿಕಲ್ ಸ್ಟೋರ್ ನಡೆಸಿ, ಈಗ ಅಂಗಡಿಯನ್ನು ಮಗನಿಗೆ ಬಿಟ್ಟು ಮನೆಯಲ್ಲಿದ್ದೇನೆ. ನಾವು ಬಂದಾಗ ಇದು ಬಿಡಿಎ ಸೈಟುಗಳ ಊರು. ಸರ್ಕಾರಿ ನೌಕರರು, ಬ್ಯಾಂಕಿನವರು, ಮೇಷ್ಟ್ರುಗಳು ಸಾಲ ಮಾಡಿ ಕಟ್ಟಿಕೊಂಡ ಮನೆಗಳು. ಈಗ ಅದೇ ಮನೆಗಳ ಮೇಲೆ ಎರಡು ಮೂರು ಅಂತಸ್ತು ಎದ್ದು ಪಿಜಿಗಳಾಗಿವೆ. ಸುತ್ತ ಎಂಜಿನಿಯರಿಂಗ್ ಕಾಲೇಜುಗಳು, ಮಗ್ಗುಲಲ್ಲೇ ಜ್ಞಾನಭಾರತಿ ವಿಶ್ವವಿದ್ಯಾಲಯದ ಆವರಣ. 2021ರ ಆಗಸ್ಟ್‌ನಲ್ಲಿ ಮೆಟ್ರೋ ಬಂದ ಮೇಲಂತೂ ಮೈಸೂರು ರಸ್ತೆಯುದ್ದಕ್ಕೂ ಬ್ಯಾಗು ಹೆಗಲಿಗೇರಿಸಿದ ಮಕ್ಕಳೇ ಮಕ್ಕಳು. ಹಾಸನ, ತುಮಕೂರು, ಕಲಬುರಗಿ, ಬಿಹಾರ, ಕೇರಳ, ಎಲ್ಲೆಲ್ಲಿಂದಲೋ ಬಂದವರು.

ಈ ಮಕ್ಕಳ ಬಗ್ಗೆ ನಮ್ಮಲ್ಲಿ ಒಂದು ಭಯ ಬೆಳೆದಿದೆ. ಪಾರ್ಕಿನ ಮೂಲೆಯಲ್ಲಿ ಸೊಪ್ಪು ಸೇದುತ್ತಾರಂತೆ, ಯಾರೋ ಬೈಕಿನಲ್ಲಿ ಬಂದು ಪುಡಿ ಕೊಟ್ಟುಹೋಗುತ್ತಾರಂತೆ ಎಂದು ಬೆಳಗಿನ ವಾಕಿಂಗಿನಲ್ಲಿ ಮಾತು. ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಜಾಗಕ್ಕೆ: ಕಾನೂನು ಇನ್ನೂ ಬಿಗಿಯಾಗಬೇಕು, ಸಿಕ್ಕವರನ್ನೆಲ್ಲ ಒಳಗೆ ಹಾಕಬೇಕು. ಆ ಭಯ ನನಗೂ ಇದೆ, ನನಗೂ ಮೊಮ್ಮಕ್ಕಳಿದ್ದಾರೆ. ಆದರೂ ಇಂದು ನಿಮ್ಮ ಮುಂದೆ ಒಂದು ಪ್ರಶ್ನೆ ಇಡಬೇಕೆಂದು ಬಂದಿದ್ದೇನೆ. ಅಮಲಿನ ಮೇಲೆ ನಾವು ಈವರೆಗೆ ಹೇರಿದ ನಿಷೇಧಗಳ ಪೆಟ್ಟು ಯಾರ ಮೇಲೆ ಬಿತ್ತು?

ಮೊದಲು ನಮ್ಮ ರಾಜ್ಯದ ಸಾರಾಯಿಯ ಕಥೆ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಹಣಕಾಸು ಹೊತ್ತಿದ್ದ ಉಪಮುಖ್ಯಮಂತ್ರಿ. ಅದರ ಹಿಂದೆ ಹಳ್ಳಿಹಳ್ಳಿಯ ಹೆಂಗಸರ ಬಹುಕಾಲದ ಹೋರಾಟವಿತ್ತು. ಗಂಡ ದುಡಿದದ್ದೆಲ್ಲ ಪ್ಯಾಕೆಟ್ಟಿಗೆ ಸುರಿದು, ರಾತ್ರಿ ಬಂದು ಹೊಡೆಯುವಾಗ ಅಂಗಡಿಯನ್ನೇ ಮುಚ್ಚಿಸಿ ಎಂದು ಕೇಳಿದ ಆ ತಾಯಂದಿರ ಸಂಕಟದಲ್ಲಿ ಸುಳ್ಳಿಲ್ಲ. ಅವರ ಬಗ್ಗೆ ಹಗುರವಾಗಿ ಮಾತಾಡುವವರನ್ನು ನಾನು ಒಪ್ಪುವುದಿಲ್ಲ.

ಆದರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ನಗರ, ಆನೇಕಲ್, ಕೋಲಾರದ ಕಡೆ, ಗಡಿಯಾಚೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ ಜನ ಸಾಲುಸಾಲಾಗಿ ಸತ್ತರು. ಎರಡೂ ರಾಜ್ಯ ಸೇರಿ ಸತ್ತವರು 150ಕ್ಕೂ ಹೆಚ್ಚು. ರಾಜ್ಯದಲ್ಲಿ ಆಗ ವಿಧಾನಸಭಾ ಚುನಾವಣೆಯ ಗದ್ದಲ. ಸತ್ತವರು ಕೂಲಿಯವರು, ಗಾರೆ ಕೆಲಸದವರು, ಹಮಾಲಿಗಳು. ಅಗ್ಗದ ಪ್ಯಾಕೆಟ್ ಸಾರಾಯಿ ಅಂಗಡಿಯಲ್ಲಿ ಸಿಗದಾದಾಗ, ಬಾರಿನ ದುಡ್ಡು ಕೈಗೆಟುಕದಾದಾಗ, ಕತ್ತಲಲ್ಲಿ ಸಿಕ್ಕಿದ್ದನ್ನು ಕುಡಿದವರು. ಅದರಲ್ಲಿದ್ದದ್ದು ಮಿಥೈಲ್ ಆಲ್ಕೋಹಾಲ್, ಕಾರ್ಖಾನೆಗಳಲ್ಲಿ ಬಳಸುವ ಸ್ಪಿರಿಟ್ಟು.

ಔಷಧದ ಕಸುಬಿನವನಾದ್ದರಿಂದ ಆ ವಿಷ ಮಾಡುವ ಕೆಲಸವನ್ನು ಸ್ವಲ್ಪ ಹೇಳುತ್ತೇನೆ. ಬಣ್ಣದಲ್ಲಿ, ವಾಸನೆಯಲ್ಲಿ ಅದನ್ನು ಸಾಮಾನ್ಯ ಸ್ಪಿರಿಟ್ಟಿನಿಂದ ಬೇರೆ ಮಾಡಿ ಹೇಳುವುದು ಕುಡಿಯುವವನಿಂದ ಆಗದ ಮಾತು. ಕುಡಿದ ಕೂಡಲೇ ಏನೂ ಆಗುವುದಿಲ್ಲ, ಅಮಲೇರುತ್ತದೆ, ನಿದ್ದೆ ಬರುತ್ತದೆ. ಯಕೃತ್ತಿನಲ್ಲಿ ಅದು ಮೊದಲು ಫಾರ್ಮಾಲ್ಡಿಹೈಡ್ ಆಗಿ, ಆಮೇಲೆ ಫಾರ್ಮಿಕ್ ಆಮ್ಲವಾಗಿ ಬದಲಾಗಲು ಹೊತ್ತು ಬೇಕು. ಹನ್ನೆರಡು ಗಂಟೆ ಕಳೆದ ಮೇಲೆ ಹೊಟ್ಟೆನೋವು, ವಾಂತಿ. ಕಣ್ಣು ಮಂಜಾಗುತ್ತದೆ. ಆ ಆಮ್ಲ ಕಣ್ಣಿನ ನರವನ್ನೇ ಸುಡುತ್ತದೆ, ಬದುಕಿ ಉಳಿದವರಲ್ಲೂ ಕುರುಡಾಗುವವರಿದ್ದಾರೆ. ಬೇಗ ಆಸ್ಪತ್ರೆಗೆ ಬಂದರೆ ಮದ್ದಿದೆ. ಆದರೆ ಕದ್ದು ಕುಡಿದವನು ಬೇಗ ಬರುವುದಿಲ್ಲ. ಏನು ಕುಡಿದೆ, ಎಲ್ಲಿ ಕುಡಿದೆ ಎಂದು ಕೇಳಿದರೆ ಬಾಯಿ ಬಿಡಲು ಹೆದರುತ್ತಾನೆ. ಆ ಹೆದರಿಕೆಯಲ್ಲಿ ಹೋಗುವ ಒಂದೊಂದು ಗಂಟೆಯೂ ಅವನ ಕಣ್ಣು, ಅವನ ಜೀವ.

ಒಂದು ಮಾತು ಇಲ್ಲಿ ಸೇರಿಸಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾಗುತ್ತದೆ. 1981ರ ಜುಲೈನಲ್ಲಿ ಇದೇ ಬೆಂಗಳೂರಿನಲ್ಲಿ ಇದೇ ಮಿಥೈಲ್ ಆಲ್ಕೋಹಾಲಿಗೆ 300ಕ್ಕೂ ಹೆಚ್ಚು ಜನ ಬಲಿಯಾದರು. ಆಗ ಸಾರಾಯಿಗೆ ನಿಷೇಧವಿರಲಿಲ್ಲ, ಲೈಸೆನ್ಸಿನ ಅಂಗಡಿಗಳಿದ್ದವು. ಆದ್ದರಿಂದ ನಿಷೇಧವೊಂದೇ ಕೊಂದಿತು ಎಂದು ನಾನು ಹೇಳುತ್ತಿಲ್ಲ. ಎರಡು ದುರಂತಕ್ಕೂ ಬೇರು ಒಂದೇ: ಬಡವನ ಕೈಗೆಟುಕುವ ಬೆಲೆಗೂ ಕಾನೂನು ಒಪ್ಪುವ ಸರಕಿಗೂ ನಡುವೆ ಅಂತರ ಬಿದ್ದಲ್ಲಿ ಕಳ್ಳಭಟ್ಟಿಯವನು ಬಂದು ನಿಲ್ಲುತ್ತಾನೆ. ತೆರಿಗೆ ಆ ಅಂತರವನ್ನು ಹುಟ್ಟಿಸಬಹುದು. ನಿಷೇಧ ಅದನ್ನು ಒಂದೇ ದಿನದಲ್ಲಿ ಹಿಗ್ಗಿಸುತ್ತದೆ. ಸಾರಾಯಿ ಹೋದ ಮೇಲೆ ಕರ್ನಾಟಕ ಕುಡಿಯುವುದನ್ನು ಬಿಟ್ಟಿತೇ ಎಂದು ಕೇಳಿದರೆ, ಈಗ ರಾಜ್ಯದ ಅಬಕಾರಿ ಆದಾಯ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಆ ತಾಯಂದಿರು ಕೇಳಿದ್ದು ಇದನ್ನಲ್ಲ.

ಇನ್ನು ಗಾಂಜಾದ ಮಾತಿಗೆ ಬರೋಣ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಕೊಡುವ ರೂಢಿ ಈಗಲೂ ಸುದ್ದಿಯಾಗುತ್ತದೆ. ನಮ್ಮ ಅವಧೂತ, ಆರೂಢ ಪಂಥಗಳ ಕೆಲವರಲ್ಲಿ ಅದು ಧ್ಯಾನದ ಸಾಧನವೆಂಬ ನಂಬಿಕೆಯಿದೆ. ಅದನ್ನು ಒಳ್ಳೆಯದೆಂದು ಹೊಗಳಲು ನಾನು ಹೇಳುತ್ತಿಲ್ಲ. ಎಳೆಯ ವಯಸ್ಸಿನಲ್ಲಿ ಗಾಂಜಾ ಹಿಡಿದವರಲ್ಲಿ ಕೆಲವರಿಗೆ ಮನಸ್ಸು ಕೆಡುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಹೇಳಬೇಕಾದದ್ದು ಬೇರೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಚರಸ್, ಭಂಗಿಗಳ ಬಗ್ಗೆ ಒಂದು ಆಯೋಗ ನೇಮಿಸಿತು. ಆಯೋಗ ದೇಶವೆಲ್ಲ ಸುತ್ತಿ, ವೈದ್ಯರು, ಅಧಿಕಾರಿಗಳು, ಸಾಧುಗಳು, ರೈತರು ಸೇರಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮರುವರ್ಷ ಸಂಪುಟಗಟ್ಟಲೆ ವರದಿ ಕೊಟ್ಟಿತು. ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಲೈಸೆನ್ಸಿನ ಹಿಡಿತ ಸಾಕು ಎಂದಿತು. ಕಾರಣಗಳಲ್ಲಿ ಒಂದು ಹೀಗಿತ್ತು: ಇದನ್ನು ಕಿತ್ತುಕೊಂಡರೆ ಜನ ಇದಕ್ಕಿಂತ ಕೆಟ್ಟದ್ದಕ್ಕೆ ಕೈ ಹಾಕಿಯಾರು.

ಆಮೇಲೆ ಮಾದಕ ವಸ್ತುಗಳ ಬಗ್ಗೆ 1961ರ ಅಂತರರಾಷ್ಟ್ರೀಯ ಒಪ್ಪಂದ ಬಂತು. ಅದಕ್ಕೆ ಸಹಿ ಹಾಕಿದ ಭಾರತ 1985ರಲ್ಲಿ ಮಾದಕ ವಸ್ತುಗಳನ್ನು ಹಿಡಿತಕ್ಕೆ ತರುವ ಎನ್‌ಡಿಪಿಎಸ್ ಕಾಯ್ದೆ ಮಾಡಿತು. ಆಗಸ್ಟ್ 23ಕ್ಕೆ ಮಸೂದೆ ಮಂಡನೆ, ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತ, ನವೆಂಬರ್ 14ಕ್ಕೆ ಜಾರಿ. ಇಷ್ಟು ದೊಡ್ಡ ಕಾಯ್ದೆ ಒಂದು ತಿಂಗಳೊಳಗೆ ಸಂಸತ್ತನ್ನು ದಾಟಿಬಿಟ್ಟಿತು. ಗಾಂಜಾವನ್ನೂ ಹೆರಾಯಿನ್ನನ್ನೂ ಅದು ಒಂದೇ ಸೂರಿನಡಿ ತಂದಿತು.

ಈಗ ಕಳ್ಳ ವ್ಯಾಪಾರಿಯ ಲೆಕ್ಕಾಚಾರ ನೋಡಿ. ಬೆಂಗಳೂರಿಗೆ ಗಾಂಜಾ ಬರುವ ಒಂದು ದೊಡ್ಡ ದಾರಿ ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ, ರೈಲಿನಲ್ಲಿ, ಲಾರಿಯಲ್ಲಿ. ಅದು ಮೂಟೆಯ ಸರಕು, ವಾಸನೆಯ ಸರಕು. ಅಡಗಿಸುವುದು ಕಷ್ಟ, ಸಿಕ್ಕಿಬೀಳುವುದು ಸುಲಭ. ಎಂಡಿಎಂಎ ಎಂಬ ರಾಸಾಯನಿಕ ಅಮಲಿನ ಪುಡಿ ಹಾಗಲ್ಲ. ಹತ್ತು ಗ್ರಾಂ ಎಂಡಿಎಂಎ ಒಂದು ಬೆಂಕಿಪೊಟ್ಟಣ ಹಿಡಿಸುವಷ್ಟು. ಬಟ್ಟೆಯ ಪಾರ್ಸಲಿನೊಳಗೆ, ಪುಸ್ತಕದ ರಟ್ಟಿನೊಳಗೆ ಕೂರುತ್ತದೆ. ಚಾಮರಾಜಪೇಟೆಯ ವಿದೇಶಿ ಅಂಚೆ ಕಚೇರಿಯಲ್ಲಿ ಇಂಥ ಪಾರ್ಸಲು ಹಿಡಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ತಪಾಸಣೆ ಬಿಗಿಯಾದಷ್ಟೂ ವ್ಯಾಪಾರಿ ಮೂಟೆ ಬಿಟ್ಟು ಪೊಟ್ಟಣ ಹಿಡಿಯುತ್ತಾನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿದ್ದಾಗಲೂ ಕಳ್ಳಸಾಗಣೆದಾರರು ಬಿಯರಿಗಿಂತ ಘಾಟು ಮದ್ಯವನ್ನೇ ಹೆಚ್ಚಾಗಿ ಸಾಗಿಸಿದರು, ಅದೇ ಜಾಗದಲ್ಲಿ ಹೆಚ್ಚು ಅಮಲು ಹಿಡಿಸುತ್ತದೆಂದು. ನಮ್ಮ ಪಿಜಿಯ ಹುಡುಗನ ಕೈಗೆ ಬರುವ ಎಂಡಿಎಂಎ ಎಂಬ ಪುಡಿಯಲ್ಲಿ ಏನಿದೆ, ಎಷ್ಟಿದೆ ಎಂಬುದು ಕೊಳ್ಳುವವನಿಗೂ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ನನ್ನ ಅಂಗಡಿಯ ಪ್ಯಾರಾಸಿಟಮಾಲ್ ಸ್ಟ್ರಿಪ್ಪಿನ ಮೇಲೆ ಬ್ಯಾಚ್ ನಂಬರಿದೆ, ಅವಧಿಯ ದಿನಾಂಕವಿದೆ, ತಪ್ಪಿದ್ದರೆ ಯಾರನ್ನು ಹಿಡಿಯಬೇಕೆಂದು ಇಲಾಖೆಗೆ ಗೊತ್ತಿದೆ. ಆ ಪುಡಿಗೆ ಇದ್ಯಾವುದೂ ಇಲ್ಲ.

ಒಂದನ್ನು ಬಿಗಿ ಮಾಡಿದರೆ ಅದಕ್ಕಿಂತ ಬಲವಾದದ್ದು ಬರುವ ಈ ಕಥೆ ನನ್ನ ಕಸುಬಿನೊಳಗೂ ನಡೆಯಿತು. ಟ್ರಮಡಾಲ್ ಎಂಬ ನೋವಿನ ಮಾತ್ರೆಯ ದುರ್ಬಳಕೆ ಮಿತಿಮೀರಿದಾಗ 2018ರ ಏಪ್ರಿಲ್‌ನಲ್ಲಿ ಅದನ್ನು ಎನ್‌ಡಿಪಿಎಸ್ ಕಾಯ್ದೆಯೊಳಗೆ ತಂದರು. ತಂದದ್ದಕ್ಕೆ ಕಾರಣವಿತ್ತು. ಆಮೇಲೆ ಕೇಳಿಬರತೊಡಗಿದ ಹೆಸರು ಟೆಪೆಂಟಡಾಲ್. ಅದು ಟ್ರಮಡಾಲಿಗಿಂತ ಬಲವಾದದ್ದು. ಹುಡುಗರು ಮಾತ್ರೆಯನ್ನು ಅರೆದು ನೀರಿಗೆ ಹಾಕಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ನುಂಗಲು ಮಾಡಿದ ಮಾತ್ರೆಯಲ್ಲಿ ಸೀಮೆಸುಣ್ಣದಂಥ ಪುಡಿಗಳಿರುತ್ತವೆ, ಅವುಗಳಿಂದ ನರ ಕಟ್ಟಿ ಕೈ ಕೀವಾಗುತ್ತದೆ. ಒಂದೇ ಸೂಜಿ ನಾಲ್ಕು ಜನಕ್ಕೆ ಹೋದರೆ ಎಚ್‌ಐವಿ, ಹೆಪಟೈಟಿಸ್ ಸಿ. ಸೂಜಿ ಕೊಳ್ಳಲು ಅಂಗಡಿಗೆ ಬಂದರೆ ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಹಳೆಯದನ್ನೇ ಬಳಸುತ್ತಾರೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಲಕಿದ ಸಂಗತಿ ಇನ್ನೊಂದಿದೆ. ಅದರ ಬಗ್ಗೆ ಪೇಪರಿನಲ್ಲಿ ಬರುವುದು ಕಡಿಮೆ, ಬಡಾವಣೆಯ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಅದು ಮಾರ್ಫಿನ್.

ಮಾರ್ಫಿನ್ ಅಫೀಮಿನಿಂದ ತೆಗೆಯುವ ಔಷಧ. ಕ್ಯಾನ್ಸರ್ ಮೂಳೆಗೆ ಇಳಿದಾಗ, ಗಂಟಲು ಕೊರೆದಾಗ ಬರುವ ನೋವಿಗೆ ಅದರಷ್ಟು ಅಗ್ಗದ, ನಂಬಬಹುದಾದ ಮದ್ದು ಇಂದಿಗೂ ಇಲ್ಲ. ಒಂದು ಮಾತ್ರೆಗೆ ಕೆಲವೇ ರೂಪಾಯಿ. ಕ್ಯಾನ್ಸರಿನ ತೀವ್ರ ನೋವಿಗೆ ಬಾಯಿಂದ ಕೊಡುವ ಮಾರ್ಫಿನ್ನೇ ಮುಖ್ಯ ಔಷಧ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸಾರಿತು. ಅದಕ್ಕೆ ಒಂದು ವರ್ಷ ಮೊದಲು ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂದಿತ್ತು. ಔಷಧವಾಗಿ ಮಾರ್ಫಿನ್ ಬಳಸಲು ಕಾಯ್ದೆಯಲ್ಲಿ ಅವಕಾಶವಿತ್ತು, ನಿಜ. ಆದರೆ ಆಸ್ಪತ್ರೆಯೊಂದು ಅದನ್ನು ತರಿಸಿಡಲು ಅಬಕಾರಿ ಇಲಾಖೆ, ಔಷಧ ನಿಯಂತ್ರಣ ಇಲಾಖೆ ಎಂದು ಹಲವು ಲೈಸೆನ್ಸು ಪಡೆಯಬೇಕಿತ್ತು, ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕಿತ್ತು. ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಕೈಗೆ ಬಂದಿರುತ್ತಿರಲಿಲ್ಲ. ಲೆಕ್ಕದಲ್ಲಿ ಚೂರು ವ್ಯತ್ಯಾಸವಾದರೂ ಹತ್ತು ವರ್ಷ ಜೈಲಿನ ಕಾಯ್ದೆ ತಲೆಯ ಮೇಲೆ. ಆಸ್ಪತ್ರೆಗಳು, ಅಂಗಡಿಗಳು ಕೈಮುಗಿದು ದೂರ ಸರಿದವು. ವೈದ್ಯಕೀಯ ಕಾಲೇಜಿನಿಂದ ಹೊರಬಂದ ಒಂದು ಇಡೀ ತಲೆಮಾರಿನ ವೈದ್ಯರಲ್ಲಿ ಅನೇಕರು ಮಾರ್ಫಿನ್ ಚೀಟಿ ಬರೆದೇ ನೋಡಲಿಲ್ಲ. ದೇಶದಲ್ಲಿ ಔಷಧಕ್ಕೆಂದು ಬಳಕೆಯಾಗುವ ಮಾರ್ಫಿನ್ ಶೇಕಡ 90ಕ್ಕೂ ಹೆಚ್ಚು ಕುಸಿದು, 1997ರಲ್ಲಿ ಇಡೀ ವರ್ಷಕ್ಕೆ 18 ಕಿಲೋಗೆ ಬಂದು ನಿಂತಿತು. 90 ಕೋಟಿ ಮೀರಿದ ಜನರಿಗೆ 18 ಕಿಲೋ! ಮಧ್ಯಪ್ರದೇಶದ ನೀಮಚ್, ಮಂದ್‌ಸೌರ್, ರಾಜಸ್ಥಾನದ ಚಿತ್ತೋರಗಢದ ಹೊಲಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಹೊರದೇಶಗಳ ಔಷಧ ಕಂಪನಿಗಳಿಗೆ ಕಳಿಸುವ ದೇಶ ನಮ್ಮದು. ನಮ್ಮ ಮನೆಯ ರೋಗಿ ಮಾತ್ರ ಹಲ್ಲು ಕಚ್ಚಿ ಮಲಗಿದ್ದ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ.

ಆ ಕಾಲದಲ್ಲಿ ನಮ್ಮ ಪಕ್ಕದ ರಸ್ತೆಯ ಒಬ್ಬ ಹೆಣ್ಣುಮಗಳು ಚೀಟಿ ಹಿಡಿದು ಅಂಗಡಿಗೆ ಬಂದಿದ್ದಳು.

“ಅಣ್ಣಾ, ನಮ್ಮೆಜಮಾನ್ರಿಗೆ ಬರ್ದಿದಾರೆ. ಎಲ್ಲಾ ಅಂಗ್ಡೀಲೂ ಇಲ್ಲ ಇಲ್ಲ ಅಂತಾರೆ.”

“ಇದು ನಮ್ಮಂಥ ಅಂಗ್ಡೀಲಿ ಇಡಂಗಿಲ್ಲಮ್ಮಾ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗ್ಬೇಕು.”

“ಇವತ್ತು ರಾತ್ರಿಗೆ ಏನ್ ಕೊಡ್ಲಿ ಅಣ್ಣಾ?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಕಪಾಟಿನ ತುಂಬ ಔಷಧವಿತ್ತು, ಆ ನೋವಿಗೆ ತಾಗುವಂಥದ್ದು ಒಂದೂ ಇರಲಿಲ್ಲ. ಕೆಂಗೇರಿಯಿಂದ ಮಾರ್ಕೆಟ್ಟಿಗೆ ಒಂದು ಬಸ್ಸು, ಅಲ್ಲಿಂದ ಹೊಸೂರು ರಸ್ತೆಗೆ ಇನ್ನೊಂದು. ಆಕೆಯ ಮನೆಗೆ ಕಿದ್ವಾಯಿ ಇಷ್ಟಾದರೂ ಹತ್ತಿರವಿತ್ತು. ರಾಯಚೂರಿನಿಂದಲೋ ಬೀದರಿನಿಂದಲೋ ಬರಬೇಕಾದವರ ಗತಿ ಏನು?

ಈ ಗೋಡೆಯನ್ನು ಒಡೆಯಲು ಕೆಲವರು ದಶಕಗಟ್ಟಲೆ ದುಡಿದಿದ್ದಾರೆ. ಕೇರಳದ ಡಾಕ್ಟರ್ ಎಂ.ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ದೆಹಲಿಯ ಕಚೇರಿಗಳಿಗೆ ಅಲೆದರು. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಕಟ್ಟಿದ ಕರುಣಾಶ್ರಯ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಒಂದು ರೂಪಾಯಿಯೂ ಕೇಳದೆ ನೋಡಿಕೊಳ್ಳುತ್ತಾ ಬಂದಿದೆ. ಕೊನೆಗೆ 2014ರ ಫೆಬ್ರುವರಿಯಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಮಾರ್ಫಿನ್‌ನಂಥ ಔಷಧಗಳನ್ನು ಅತ್ಯಗತ್ಯ ಔಷಧಗಳೆಂದು ಬೇರೆ ಮಾಡಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಎಂದಾಯಿತು. ಮೂವತ್ತು ವರ್ಷ ತಡವಾಗಿ. ಕಾಗದದ ಮೇಲೆ ದಾರಿ ತೆರೆದಿದೆ, ಆದರೆ ಆ ಮೂವತ್ತು ವರ್ಷದ ಹೆದರಿಕೆ ಇನ್ನೂ ಆಸ್ಪತ್ರೆಗಳಲ್ಲಿ ಕೂತಿದೆ. “ಚಟ ಹತ್ತುತ್ತೆ, ಬೇಡ” ಎಂದು ಸಾಯುವವನಿಗೂ ಮಾರ್ಫಿನ್ ನಿರಾಕರಿಸುವ ಮಕ್ಕಳನ್ನು, ಬಂಧುಗಳನ್ನು ನೋಡಿದ್ದೇನೆ.

ಹೊಸೂರು ರಸ್ತೆಯ ಆ ಭಾಗಕ್ಕೆ ಹೋದರೆ ಕಿದ್ವಾಯಿಯ ನೆರೆಯಲ್ಲೇ ಮನೋರೋಗದ ಆಸ್ಪತ್ರೆ ನಿಮ್ಹಾನ್ಸ್ ಸಿಗುತ್ತದೆ. ಅಲ್ಲಿ ಚಟದ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ. ಒಂದು ಗೇಟಿನಲ್ಲಿ ನೋವಿನ ಮಾತ್ರೆಗೆ ಕಾದವರು, ಇನ್ನೊಂದು ಗೇಟಿನಲ್ಲಿ ಚಟದಿಂದ ಬಿಡುಗಡೆ ಬೇಡಿ ಬಂದವರು. ಎರಡು ಗುಂಪಿಗೂ ಒಂದೇ ಕಾಯ್ದೆ ಭಯ ಹುಟ್ಟಿಸಿದೆ. ಈ ಎರಡನೆಯ ಗೇಟಿಗೆ ನಮ್ಮ ಮಕ್ಕಳು ತಲುಪುವುದೇ ತಡವಾಗಿ. ಗಾಂಜಾ ಸೇದಿ ಸಿಕ್ಕರೆ ಕಾಯ್ದೆಯ 27ನೇ ಕಲಮಿನಲ್ಲಿ ಆರು ತಿಂಗಳವರೆಗೆ, ಹೆರಾಯಿನ್‌ನಂಥದ್ದಾದರೆ ಒಂದು ವರ್ಷದವರೆಗೆ ಸಜೆ. ಸಜೆಗಿಂತ ದೊಡ್ಡದು ಎಫ್‌ಐಆರ್. ಕೇಸು ಬಿದ್ದ ಹುಡುಗನಿಗೆ ಕಾಲೇಜು ಹೋಗುತ್ತದೆ, ಪಾಸ್‌ಪೋರ್ಟ್ ಸಿಕ್ಕುವುದು ಕಷ್ಟ, ಪೊಲೀಸ್ ವೆರಿಫಿಕೇಷನ್ ಕೇಳುವ ಕೆಲಸಗಳು ಹೋಗುತ್ತವೆ. ಪರಪ್ಪನ ಅಗ್ರಹಾರದ ಜೈಲಿಗೆ ಹೋದರೆ ಅಲ್ಲಿ ಸಿಗುವ ಸಹವಾಸ ಎಂಥದು? ಗೆಳೆಯನೊಬ್ಬ ಪಿಜಿಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ ಉಳಿದವರು ಆ್ಯಂಬುಲೆನ್ಸಿಗೆ ಫೋನ್ ಮಾಡುವ ಮೊದಲು ರೂಮು ಗುಡಿಸಲು ನೋಡುತ್ತಾರೆ. ತಂದೆತಾಯಿ ವಿಷಯ ತಿಳಿದರೂ ಮುಚ್ಚಿಡುತ್ತಾರೆ. 2008ರ ಕೂಲಿಯವನು ಬಾಯಿ ಬಿಡಲಾರದೆ ಕಣ್ಣು ಕಳೆದುಕೊಂಡ ಹಾಗೆಯೇ ಇದೂ ಸಾಗುತ್ತಿದೆ.

ಹಾಗಾದರೆ ಎಲ್ಲವನ್ನೂ ಬಿಚ್ಚಿಬಿಡೋಣವೇ, ಬೀದಿಗೊಂದು ಗಾಂಜಾ ಅಂಗಡಿ ಇಡೋಣವೇ ಎಂದು ಕೇಳುತ್ತೀರಿ. ಬೇಡ. ಕಾನೂನುಬದ್ಧ ಮದ್ಯ ನಮ್ಮ ಮನೆಗಳಿಗೆ ಮಾಡುತ್ತಿರುವುದನ್ನು ನೋಡಿದ ಮೇಲೆ, ಲಾಭಕ್ಕೆ ಅಮಲು ಮಾರುವ ಇನ್ನೊಂದು ಉದ್ಯಮ ಹುಟ್ಟುವುದು ನನಗೆ ಬೇಕಿಲ್ಲ. ಕಿಲೋಗಟ್ಟಲೆ ಸಾಗಿಸುವವನನ್ನು, ಕಾಲೇಜು ಗೇಟಿನಲ್ಲಿ ಮಕ್ಕಳನ್ನು ಹಿಡಿಯುವ ಪೆಡ್ಲರನ್ನು ಕಾನೂನು ಬಿಡಬಾರದು. ನಾನು ಕೇಳುವುದು ಚಟಕ್ಕೆ ಬಿದ್ದವನನ್ನು ಅವರಿಂದ ಬೇರ್ಪಡಿಸಿ ನೋಡಿ ಎಂದು. ಪೋರ್ಚುಗಲ್ ದೇಶ 2001ರಲ್ಲಿ ಹಾಗೆ ಮಾಡಿತು. ಮಾರಾಟ ಅಲ್ಲಿ ಇಂದಿಗೂ ಅಪರಾಧ, ಆದರೆ ಸ್ವಂತಕ್ಕೆ ಸ್ವಲ್ಪ ಇಟ್ಟುಕೊಂಡು ಸಿಕ್ಕವನು ನ್ಯಾಯಾಧೀಶರ ಮುಂದೆ ನಿಲ್ಲುವುದಿಲ್ಲ. ಆರೋಗ್ಯ, ಸಮಾಜಸೇವೆ ಬಲ್ಲವರಿರುವ ಒಂದು ಸಮಿತಿಯ ಮುಂದೆ ಕೂರುತ್ತಾನೆ. ಜೊತೆಗೆ ಚಿಕಿತ್ಸೆಗೆ ದುಡ್ಡು ಸುರಿದರು. ಸೂಜಿಯಿಂದ ಹರಡುವ ಎಚ್‌ಐವಿ ಅಲ್ಲಿ ಗಣನೀಯವಾಗಿ ಇಳಿಯಿತು.

ಅಷ್ಟು ದೂರ ಹೋಗುವ ಮೊದಲು ನಮ್ಮದೇ ಕಾಯ್ದೆಯಲ್ಲಿ ಇರುವ ಒಂದು ಬಾಗಿಲನ್ನು ಹೇಳಿಬಿಡುತ್ತೇನೆ. ಇದನ್ನು ದಯವಿಟ್ಟು ಬರೆದುಕೊಳ್ಳಿ. ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು. ಚಟಕ್ಕೆ ಬಿದ್ದವನು ಸೇವಿಸಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡದ್ದಕ್ಕೋ ಆರೋಪಿಯಾಗಿದ್ದರೆ, ತಾನಾಗಿ ಮುಂದೆ ಬಂದು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಆ ಅಪರಾಧಕ್ಕೆ ಅವನ ಮೇಲೆ ಮೊಕದ್ದಮೆ ನಡೆಯುವುದಿಲ್ಲ. ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು, ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಈ ಕಲಮು ಇರುವುದು ನಮ್ಮ ಪಿಜಿ ಮಾಲೀಕರಿಗೆ, ಕಾಲೇಜಿನ ಮೇಷ್ಟ್ರುಗಳಿಗೆ, ಎಷ್ಟೋ ವಕೀಲರಿಗೂ ನೆನಪಿರುವುದಿಲ್ಲ. ಕೆಂಗೇರಿ ಉಪನಗರದ ಪ್ರತಿ ಪಿಜಿಯ ಗೋಡೆಯ ಮೇಲೆ, ಬಾಡಿಗೆಯ ನಿಯಮಗಳ ಪಕ್ಕದಲ್ಲಿ, ಇದನ್ನು ಅಚ್ಚುಮಾಡಿ ಅಂಟಿಸಬೇಕೆಂದು ನಮ್ಮ ಕ್ಷೇಮಾಭಿವೃದ್ಧಿ ಸಂಘದವರನ್ನು ಕೇಳಿದ್ದೇನೆ.

ಮಗ ಬಾಗಿಲು ಹಾಕಿಕೊಂಡು ಕೂರುತ್ತಿದ್ದಾನೆ, ದುಡ್ಡು ಕಾಣೆಯಾಗುತ್ತಿದೆ, ಊಟ ಬಿಟ್ಟಿದ್ದಾನೆ ಎಂಬ ಸಂಶಯ ಈಗ ಇದನ್ನು ಕೇಳುತ್ತಿರುವ ಯಾವುದಾದರೂ ಮನೆಯಲ್ಲಿದ್ದರೆ, ಠಾಣೆಗೂ ಹೋಗಬೇಡಿ, ಕೋಲನ್ನೂ ಹಿಡಿಯಬೇಡಿ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446, ಕರೆಗೆ ದುಡ್ಡಿಲ್ಲ. ಮನಸ್ಸಿನ ಕಾಯಿಲೆಗಳಿಗೆಂದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಂಖ್ಯೆ 14416, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಾಗೆಯೇ, ಮನೆಯಲ್ಲಿ ಕ್ಯಾನ್ಸರಿನ ನೋವಿನಲ್ಲಿ ನರಳುವವರಿದ್ದು, ಅವರಿಗೆ ಮಾರ್ಫಿನ್ ಕೊಡಬಹುದೇ ಎಂದು ಈವರೆಗೆ ವೈದ್ಯರನ್ನು ಕೇಳಿರದಿದ್ದರೆ, ನಾಳೆ ಬೆಳಗ್ಗೆಯೇ ಕೇಳಿ.